ಓದುಗರ ಪ್ರಶ್ನೆ, ನಮ್ಮ ಉತ್ತರ: ಜಗತ್ತಿನ ಚರಿತ್ರೆ ಹಿರೋಡೆಯ ಮೇಲೂ ಹಾದುಹೋಗಿದೆ

ಪ್ರಥಮ ಪಿಯುಸಿಯಲ್ಲಿ ವಿಶ್ವ ಇತಿಹಾಸ ಮತ್ತು ಭೂಗೋಳ ಓದಿ ಮುಗಿಸಿದ ಮೈಸೂರು, ಮಂಡ್ಯ ಜಿಲ್ಲೆಗಳ ವಿದ್ಯಾರ್ಥಿಗಳಿಂದ, ಅವರ ಮನೆಯವರಿಂದ ಬಂದ ಪತ್ರಗಳನ್ನೇ ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಇತಿಹಾಸ, ಭೂಗೋಳ ಎರಡನ್ನೂ ಇಷ್ಟಪಟ್ಟೇ ತೆಗೆದುಕೊಂಡೆ. ವರ್ಷವಿಡೀ ನೋಟ್ಸ್ ಬರೆದೆ, ಅಂಕವೂ ಬಂತು. ಈಗ ಪುಸ್ತಕ ಮುಚ್ಚಿಟ್ಟು ನೆನಪಿಸಿಕೊಂಡರೆ ಬ್ಯಾಸ್ಟಿಲ್ ಕೋಟೆ, ಪಿರಮಿಡ್ಡು, ಎರಡು ಮಹಾಯುದ್ಧ ಇಷ್ಟೇ ಸಿಗುತ್ತವೆ. ಇಸವಿಗಳೆಲ್ಲ ಕಲಸುಮೇಲೋಗರ. ಎಲ್ಲೋ ದೂರದಲ್ಲಿ ನಡೆದ ಸಂಗತಿಗಳು, ನಮಗೂ ಅವಕ್ಕೂ ಏನು ಸಂಬಂಧ ಅನ್ನಿಸುತ್ತದೆ. ರಜೆಯಲ್ಲಿ ಏನು ಮಾಡಲಿ?
(ವಿದ್ಯಾರ್ಥಿನಿ, ಪಾಂಡವಪುರ)

ಉತ್ತರ: ಇತಿಹಾಸದ ನೋಟ್ಸಿನಲ್ಲಿ ಇಸವಿ ಇರುತ್ತದೆ, ಆ ಊರು ಎಲ್ಲಿದೆ ಎಂಬುದು ಇರುವುದಿಲ್ಲ. ಭೂಗೋಳದ ನೋಟ್ಸಿನಲ್ಲಿ ಊರಿರುತ್ತದೆ, ಅಲ್ಲಿ ಯಾವಾಗ ಏನಾಯಿತು ಎಂಬುದು ಇರುವುದಿಲ್ಲ. ಎರಡನ್ನೂ ಒಂದೇ ಹಾಳೆಯ ಮೇಲೆ ತಂದರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಕಳೆಯುತ್ತದೆ. ಮಿಕ್ಕ ಕಾಲು ಪಾಲಿಗೆ ನಿಮ್ಮ ಊರೇ ಮದ್ದು.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಬ್ರಿಟಿಷರ ಕಾಗದಪತ್ರಗಳಲ್ಲಿ ಅದು ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಕೆಲಸದಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಫ್ರೆಂಚರು ಅಲ್ಲಿಗೇಕೆ ಬಂದರು ಎಂದು ಕೇಳಿಕೊಳ್ಳುತ್ತಾ ಹೋಗಿ, ನಿಮ್ಮ ಪಠ್ಯದ ಅರ್ಧ ಅಧ್ಯಾಯಗಳು ತಾವಾಗಿ ಸಾಲುಗಟ್ಟುತ್ತವೆ.

1776ರಲ್ಲಿ ಅಮೆರಿಕದ ವಸಾಹತುಗಳು ಸ್ವಾತಂತ್ರ್ಯ ಘೋಷಿಸಿದವು. 1778ರಲ್ಲಿ ಫ್ರಾನ್ಸ್ ಅವುಗಳ ಪಕ್ಷ ವಹಿಸಿತು. ಆ ಜಗಳ ಭಾರತದ ಕರಾವಳಿಗೂ ಬಂತು: 1779ರಲ್ಲಿ ಬ್ರಿಟಿಷರು ಮಲಬಾರಿನಲ್ಲಿದ್ದ ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನಿಗೆ ಮದ್ದುಗುಂಡು ಬರುತ್ತಿದ್ದದ್ದು ಆ ಬಂದರಿನ ಮೂಲಕ. 1780ರ ಜುಲೈಯಲ್ಲಿ ಅವನು ಘಟ್ಟ ಇಳಿದು ಕರ್ನಾಟಿಕ್ ಸೀಮೆಗೆ (ಇಂದಿನ ತಮಿಳುನಾಡಿನ ಭಾಗ) ನುಗ್ಗಿದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಬ್ರಿಟಿಷರ ಕರ್ನಲ್ ಬೇಲಿಯ ಪಡೆ ಮಣ್ಣುಮುಕ್ಕಿತು. ಮರುವರ್ಷ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದು, 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ. ಅತ್ತ ಅಮೆರಿಕದ ಯುದ್ಧಕ್ಕೆ ಸುರಿದ ಹಣ ಫ್ರಾನ್ಸಿನ ಬೊಕ್ಕಸವನ್ನು ಸಾಲದಲ್ಲಿ ಮುಳುಗಿಸಿತ್ತು. 1614ರ ನಂತರ ಒಮ್ಮೆಯೂ ಸೇರದಿದ್ದ ಎಸ್ಟೇಟ್ಸ್ ಜನರಲ್ (ಮೂರು ವರ್ಗಗಳ ಪ್ರತಿನಿಧಿಗಳ) ಸಭೆಯನ್ನು ರಾಜ 1789ರ ಮೇ 5ರಂದು ಸೇರಿಸಲೇಬೇಕಾಯಿತು. ಜುಲೈ 14ಕ್ಕೆ ಬ್ಯಾಸ್ಟಿಲ್ ಬಿತ್ತು. 1798ರಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಆಮೇಲೆ ಅಲ್ಲಿನ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯೇ 1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್.

ಈ ಹತ್ತು ಹನ್ನೆರಡು ಘಟನೆಗಳನ್ನು ಪ್ರಪಂಚದ ಔಟ್‌ಲೈನ್ ಮ್ಯಾಪಿನ ಮೇಲೆ ಹಾಕಿ. ಪ್ರತಿ ಜಾಗಕ್ಕೂ ಒಂದು ಚುಕ್ಕಿ, ಚುಕ್ಕಿಯ ಪಕ್ಕ ಊರಿನ ಹೆಸರಿಲ್ಲದೆ ಬರೀ ಇಸವಿ. ಒಬ್ಬನೇ ವ್ಯಕ್ತಿ ಎರಡು ಕಡೆ ಕಾಣಿಸಿಕೊಂಡರೆ ಎರಡು ಚುಕ್ಕಿಗಳ ನಡುವೆ ಬಾಣ. ಮಾರನೆಯ ದಿನ ಖಾಲಿ ಮ್ಯಾಪ್ ತೆಗೆದುಕೊಂಡು ನೋಡದೆ ಮತ್ತೆ ಹಾಕಿ, ಮೂರು ದಿನ ಬಿಟ್ಟು ಮತ್ತೊಮ್ಮೆ. ಹಳೆಯದನ್ನು ನೋಡಿಕೊಂಡು ನಕಲು ಮಾಡಿದರೆ ಕೈ ಕಲಿಯುತ್ತದೆಯೇ ಹೊರತು ತಲೆಗೆ ಹೋಗುವುದಿಲ್ಲ.

ಇನ್ನು ಕಾಲರೇಖೆ. ಅಂಗಡಿಯ ಬಿಲ್ ಮೆಷಿನ್ನಿಗೆ ಹಾಕುವ ಕಾಗದದ ರೋಲ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಥರ್ಮಲ್ ರೋಲ್ ಬೇಡ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಸಾದಾ ರೋಲ್ ಸಿಗದಿದ್ದರೆ ಡ್ರಾಯಿಂಗ್ ಶೀಟನ್ನು 10 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ ಅಂಟಿಸಿ. ಕ್ರಿ.ಪೂ. 3200ರಿಂದ ಕ್ರಿ.ಶ. 2020ರವರೆಗೆ, 1 ಸೆಂ.ಮೀ.ಗೆ 20 ವರ್ಷದಂತೆ ಹಿಡಿದರೆ ಉದ್ದ ಸುಮಾರು 261 ಸೆಂ.ಮೀ. ಆಗುತ್ತದೆ, ಒಂದು ಗೋಡೆಗೆ ಸರಿಹೋಗುತ್ತದೆ. ಮೇಲಿನ ಸಾಲು ಯೂರೋಪು ಮತ್ತು ಅಮೆರಿಕಕ್ಕೆ, ನಡುವಿನದು ಪಶ್ಚಿಮ ಏಷ್ಯಾ, ಆಫ್ರಿಕಾ, ಚೀನಾಕ್ಕೆ, ಕೆಳಗಿನದು ಭಾರತಕ್ಕೆ. ಕರ್ನಾಟಕದ್ದನ್ನು ಹಸಿರು ಶಾಯಿಯಲ್ಲಿ ಬರೆಯಿರಿ. 13ನೆಯ ಶತಮಾನದ ಜಾಗದಲ್ಲಿ ಮೇಲೆ 1215ರ ಮ್ಯಾಗ್ನಾ ಕಾರ್ಟಾ, ನಡುವೆ 1258ರಲ್ಲಿ ಮಂಗೋಲರು ಬಾಗ್ದಾದನ್ನು ಹಾಳುಗೆಡವಿದ್ದು, ಕೆಳಗೆ ನಮ್ಮ ಸೋಮನಾಥಪುರದ ದೇವಾಲಯ, ಮೂರೂ ಒಂದರ ಕೆಳಗೊಂದು ಬಂದು ಕೂರುತ್ತವೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಅಧ್ಯಾಯಕ್ಕೊಂದು ಗೇಣಿನಂತೆ ಜಾಗ ಹಂಚುತ್ತಾರೆ. ಪುಸ್ತಕದ ಮೊದಲ ಅಧ್ಯಾಯಗಳು ಒಂದೊಂದೂ ಸಾವಿರಾರು ವರ್ಷ ನುಂಗಿರುತ್ತವೆ, ಕೊನೆಯವು ಐವತ್ತು ವರ್ಷವನ್ನೂ ದಾಟುವುದಿಲ್ಲ. ಅಳತೆಪಟ್ಟಿ ಇಟ್ಟೇ ಗುರುತು ಹಾಕಿ. ಕ್ರಿ.ಪೂ. 2560ರ ಸುಮಾರಿನ ಖುಫುವಿನ ಪಿರಮಿಡ್ಡಿನಿಂದ ಕ್ರಿ.ಪೂ. 30ರಲ್ಲಿ ತೀರಿಕೊಂಡ ಕ್ಲಿಯೋಪಾತ್ರಳವರೆಗೆ 126 ಸೆಂ.ಮೀ., ಅವಳಿಂದ ಪಟ್ಟಿಯ ಕೊನೆಯವರೆಗೆ 102 ಸೆಂ.ಮೀ. ಮಾತ್ರ. ಈಜಿಪ್ಟ್ ಎಂದು ಒಂದೇ ಅಧ್ಯಾಯದಲ್ಲಿ ಓದಿದ್ದು ಎಷ್ಟು ಉದ್ದದ ಕಾಲ ಎಂದು ಆಗ ಕಣ್ಣಿಗೇ ಕಾಣುತ್ತದೆ. ಈ ಅಳತೆಯಲ್ಲಿ 1776ರಿಂದ 1815ಕ್ಕೆ ಎರಡು ಸೆಂ.ಮೀ. ಕೂಡ ಸಿಗುವುದಿಲ್ಲವಾದ್ದರಿಂದ, 1750ರಿಂದ 1950ಕ್ಕೆ ವರ್ಷಕ್ಕೆ 1 ಸೆಂ.ಮೀ.ನಂತೆ ಇನ್ನೊಂದು 2 ಮೀಟರ್ ಪಟ್ಟಿ ಬೇಕು. ಮೊದಲಿಗೆ ನಲವತ್ತು ಇಸವಿ ಸಾಕು. ಇನ್ನೂರು ತುಂಬಿಸಲು ಹೊರಟ ಪಟ್ಟಿಗಳು ನಡುವೆಯೇ ನಿಂತುಹೋಗುತ್ತವೆ.

ಪ್ರಶ್ನೆ: ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ವರ್ಷ ಎಣಿಸುವಾಗ ಪ್ರತಿ ಸಲವೂ ಒಂದು ಹೆಚ್ಚು ಬರುತ್ತದೆ. ರಷ್ಯಾದ ಅಕ್ಟೋಬರ್ ಕ್ರಾಂತಿ ನವೆಂಬರಿನಲ್ಲಿ ನಡೆಯಿತು ಎನ್ನುವುದೂ ಅರ್ಥವಾಗಲಿಲ್ಲ.
(ವಿದ್ಯಾರ್ಥಿ, ನಂಜನಗೂಡು)

ಉತ್ತರ: ಈ ಎಣಿಕೆಯಲ್ಲಿ ಸೊನ್ನೆ ಎಂಬ ವರ್ಷವೇ ಇಲ್ಲ. ಕ್ರಿ.ಪೂ. 1 ಮುಗಿದ ಮಾರನೆಯ ದಿನವೇ ಕ್ರಿ.ಶ. 1. ಆದ್ದರಿಂದ ಎರಡನ್ನೂ ಕೂಡಿಸಿ ಒಂದು ಕಳೆಯಬೇಕು. ಜೂಲಿಯಸ್ ಸೀಸರ್ ಸತ್ತದ್ದು ಕ್ರಿ.ಪೂ. 44, ಅಗಸ್ಟಸ್ ಸತ್ತದ್ದು ಕ್ರಿ.ಶ. 14. ನಡುವಿನದು 44 + 14 − 1, ಅಂದರೆ 57 ವರ್ಷ. ಶತಮಾನದಲ್ಲಿಯೂ ಎಚ್ಚರ ಬೇಕು: 1789 ಎಂದರೆ 18ನೆಯ ಶತಮಾನ, ಕ್ರಿ.ಪೂ. 240 ಎಂದರೆ ಕ್ರಿ.ಪೂ. 3ನೆಯ ಶತಮಾನ.

ಎರಡನೆಯದು ಪಂಚಾಂಗದ ವಿಷಯ. ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷ ನಿಜಕ್ಕಿಂತ ಸುಮಾರು 11 ನಿಮಿಷ ಉದ್ದವಿತ್ತು. ಸೇರುತ್ತಾ ಸೇರುತ್ತಾ ಹತ್ತು ದಿನ ಆದಾಗ, 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆದು ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ತಂದರು. ಬ್ರಿಟನ್ 1752ರಲ್ಲಿ ಒಪ್ಪಿಕೊಂಡಿತು. ರಷ್ಯಾ 1917ರಲ್ಲಿಯೂ ಹಳೆಯದನ್ನೇ ಬಳಸುತ್ತಿತ್ತು, ಅಷ್ಟರಲ್ಲಿ ವ್ಯತ್ಯಾಸ 13 ದಿನಕ್ಕೆ ಏರಿತ್ತು. ಅಲ್ಲಿನ ಅಕ್ಟೋಬರ್ 25 ನಮಗೆ ನವೆಂಬರ್ 7. ಉತ್ತರಪತ್ರಿಕೆಯಲ್ಲಿ ಬರೆಯುವಾಗ ಯಾವ ಕ್ಯಾಲೆಂಡರ್ ಎಂದು ಒಂದು ಪದ ಸೇರಿಸಿಬಿಡಿ.

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರ ನಾಲೆಯ ಕೊನೆಯ ಭಾಗದ ಜಮೀನು. ಮಗ ಮೆಸೊಪೊಟೇಮಿಯಾದ ಪಾಠ ಓದುತ್ತಾ, ಅಲ್ಲಿನ ಹೊಲಗಳು ಉಪ್ಪಾಗಿ ಹಾಳಾದವಂತೆ, ನಮ್ಮ ತಗ್ಗಿನ ಗದ್ದೆಯ ಹಾಗೇ ಎಂದ. ನಿಜಕ್ಕೂ ಒಂದೇನಾ?
(ರೈತರು, ಮದ್ದೂರು ತಾಲ್ಲೂಕು)

ಉತ್ತರ: ನಿಮ್ಮ ಮಗ ಸರಿಯಾಗಿಯೇ ಹಿಡಿದಿದ್ದಾನೆ. ಇದನ್ನು ಪೂರ್ತಿಯಾಗಿ ಹೇಳುವುದು ಒಳ್ಳೆಯದು.

ಮುಂಗಾರಿನ ಗಾಳಿ ನೈಋತ್ಯದಿಂದ ಬಂದು ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣಿದು ಮಳೆಯನ್ನೆಲ್ಲ ಅಲ್ಲೇ ಸುರಿಸುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ.ಗಿಂತ ಹೆಚ್ಚು ಬಿದ್ದರೆ, ಘಟ್ಟ ಇಳಿದು ಒಣಗಿದ ಗಾಳಿಯ ದಾರಿಯಲ್ಲಿರುವ ಮಂಡ್ಯಕ್ಕೆ 700ರ ಆಸುಪಾಸು. ನಮ್ಮ ಗದ್ದೆಗೆ ಬರುವ ನೀರು ಕೊಡಗು, ಹಾಸನದ ಮಳೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ ಆ ಮಳೆಯನ್ನು ಇಲ್ಲಿಗೆ ತಂದವು. ಈಜಿಪ್ಟಿನದ್ದೂ ಇದೇ ಕಥೆ. ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಇಥಿಯೋಪಿಯಾದ ಎತ್ತರದ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದು ನೀಲಿ ನೈಲ್ ನದಿಯಲ್ಲಿ ಇಳಿದು ಬರುತ್ತದೆ.

ಈಜಿಪ್ಟಿನ ರೈತನಿಗೆ ಋತು ಒಲಿದಿತ್ತು. ಬೇಸಿಗೆಯ ಕೊನೆಗೆ ನೆರೆ ಬಂದು, ಹೊಲದಲ್ಲಿ ನಿಂತು, ಮಣ್ಣಿನ ಉಪ್ಪನ್ನು ತೊಳೆದು ಇಳಿದುಹೋಗುತ್ತಿತ್ತು. ಆಮೇಲೆ ಬಿತ್ತನೆ. ಟೈಗ್ರಿಸ್, ಯೂಫ್ರೆಟಿಸ್ ನದಿಗಳಿಗೆ ನೀರು ಬರುವುದು ಉತ್ತರದ ಬೆಟ್ಟಗಳ ಹಿಮ ಕರಗಿದಾಗ, ಏಪ್ರಿಲ್, ಮೇ ತಿಂಗಳಲ್ಲಿ. ಆಗ ಬೆಳೆ ಕುಯ್ಲಿಗೆ ನಿಂತಿರುತ್ತದೆ. ಹಾಗಾಗಿ ಅಲ್ಲಿ ಏರಿ ಕಟ್ಟಿ, ಕಾಲುವೆ ತೋಡಿ, ಬೇಕಾದಾಗ ನೀರು ಹಾಯಿಸಿದರು. ನೆಲ ಸಪಾಟು, ಬಸಿದುಹೋಗಲು ದಾರಿಯಿಲ್ಲ. ನೀರು ಆವಿಯಾಯಿತು, ಅದರಲ್ಲಿ ಕರಗಿದ್ದ ಉಪ್ಪು ಉಳಿಯಿತು. ಕಾಲ ಕಳೆದಂತೆ ದಕ್ಷಿಣ ಭಾಗದಲ್ಲಿ ಗೋಧಿ ಕಡಿಮೆಯಾಗಿ ಉಪ್ಪು ತಾಳುವ ಬಾರ್ಲಿಯೇ ಹೆಚ್ಚಾಯಿತು.

ನಿಮ್ಮ ಗದ್ದೆಯಲ್ಲಿ ಆಗುವುದೂ ಇದೇ ಕ್ರಮದಲ್ಲಿ. ಮೇಲಿನವರು ಭತ್ತ, ಕಬ್ಬಿಗೆ ಸದಾ ನೀರು ನಿಲ್ಲಿಸುತ್ತಾರೆ, ಅದು ತಗ್ಗಿಗೆ ಇಳಿದು ಅಂತರ್ಜಲ ಮೇಲೇರುತ್ತದೆ. ನೆಲಮಟ್ಟದಿಂದ ಒಂದೂವರೆ, ಎರಡು ಮೀಟರ್ ಒಳಗೆ ಬಂತೆಂದರೆ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತದೆ. ಬೇಸಿಗೆಯಲ್ಲಿ ಬದುವಿನ ಮೇಲೆ ಬಿಳಿ ಪುಡಿ ಕಾಣಿಸುವುದು ಅದೇ. ಮೊದಲು ಬಸಿಗಾಲುವೆ ತೆರವು ಮಾಡಿಸಿ, ಅದು ಹೂಳು ತುಂಬಿ ಮುಚ್ಚಿದ್ದರೆ ಮಿಕ್ಕ ಯಾವ ಉಪಾಯವೂ ಫಲಿಸುವುದಿಲ್ಲ. ಆಮೇಲೆ ಮಣ್ಣು ಪರೀಕ್ಷೆ. ಬರೀ ಲವಣದ ಮಣ್ಣಾದರೆ ಒಳ್ಳೆಯ ನೀರು ನಿಲ್ಲಿಸಿ ಬಸಿದರೆ ತೊಳೆದುಹೋಗುತ್ತದೆ. ಕ್ಷಾರ ಮಣ್ಣಾದರೆ ಜಿಪ್ಸಂ ಬೇಕು, ಎಷ್ಟು ಎಂಬುದು ಪರೀಕ್ಷೆಯ ವರದಿಯಿಂದಲೇ ತೀರ್ಮಾನವಾಗಬೇಕು. ಎರಡನ್ನೂ ಚೌಳು ಎಂದೇ ಕರೆಯುವುದರಿಂದ ಮದ್ದು ಅದಲುಬದಲಾಗುವುದುಂಟು.

ಪ್ರಶ್ನೆ: ಮ್ಯಾಪಿನಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವೇ?
(ಪೋಷಕರು, ಮೈಸೂರು)

ಉತ್ತರ: ಆಫ್ರಿಕಾ 3 ಕೋಟಿ ಚದರ ಕಿ.ಮೀ., ಗ್ರೀನ್‌ಲ್ಯಾಂಡ್ 22 ಲಕ್ಷಕ್ಕೂ ತುಸು ಕಡಿಮೆ. ಸುಮಾರು ಹದಿನಾಲ್ಕು ಪಟ್ಟು ವ್ಯತ್ಯಾಸ. 32.87 ಲಕ್ಷ ಚದರ ಕಿ.ಮೀ.ನ ಭಾರತವೇ ಗ್ರೀನ್‌ಲ್ಯಾಂಡಿಗಿಂತ ದೊಡ್ಡದು. ನೀವು ನೋಡಿದ್ದು ಮರ್ಕೇಟರ್ ನಕ್ಷೆ. ಹಡಗಿನವರಿಗೆ ದಿಕ್ಕು ತಪ್ಪದಿರಲೆಂದು 1569ರಲ್ಲಿ ರಚಿಸಿದ್ದು, ಧ್ರುವಗಳ ಕಡೆ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. ದೂರ ಅಳೆಯಲು ಗೋಳದ ಮೇಲೆ ದಾರ ಇಡುವುದೇ ಸರಿ.

ಪ್ರಶ್ನೆ: ಸಮೋನ್ನತಿ ರೇಖೆಗಳನ್ನು (ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಗುಡ್ಡ ಯಾವುದು, ಕಣಿವೆ ಯಾವುದು ಗೊತ್ತಾಗುವುದಿಲ್ಲ.
(ವಿದ್ಯಾರ್ಥಿ, ಮೈಸೂರು)

ಉತ್ತರ: ಮುಷ್ಟಿಗಿಂತ ದೊಡ್ಡದಾದ ಒರಟು ಕಲ್ಲೊಂದನ್ನು ಪಾರದರ್ಶಕ ಡಬ್ಬಿಯಲ್ಲಿಡಿ. ನೀರು ಹೀರದ ಕರಿಕಲ್ಲಾದರೆ ಒಳ್ಳೆಯದು, ಹೀರುವ ಕಲ್ಲಿನಲ್ಲಿ ಒದ್ದೆ ಮೇಲೇರಿ ಗೆರೆ ಕೆಡುತ್ತದೆ. ಡಬ್ಬಿಯ ಹೊರಗೆ ಸೆಂ.ಮೀ. ಗುರುತು ಅಂಟಿಸಿ, ಕಲ್ಲಿನ ಮೇಲೆ ಬೀಳದ ಹಾಗೆ ಬದಿಯಿಂದ 1 ಸೆಂ.ಮೀ. ನೀರು ಹಾಕಿ, ನೀರಿನ ಅಂಚಿನಲ್ಲೇ ಮೇಣದ ಬಣ್ಣದಿಂದ ಸುತ್ತ ಗೆರೆ ಎಳೆಯಿರಿ. ಹೀಗೆ ಕಲ್ಲು ಮುಳುಗುವವರೆಗೆ. ನೀರು ಚೆಲ್ಲಿ, ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಕಣ್ಣು ಮುಚ್ಚಿ ನೆಟ್ಟಗೆ ಮೇಲಿನಿಂದ ನೋಡುತ್ತಾ ಗೆರೆಗಳನ್ನು ಹಾಳೆಗಿಳಿಸಿ. ತಲೆ ಅಲುಗಿದರೆ ಗೆರೆಗಳು ಒಂದನ್ನೊಂದು ದಾಟಿದಂತೆ ಬರುತ್ತವೆ. ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿ, ಇಳಿಜಾರು ಕಡಿಮೆಯಿರುವಲ್ಲಿ ದೂರದೂರ ಇರುತ್ತವೆ.

ಈಗ ಚಾಮುಂಡಿ ಬೆಟ್ಟ. ಊರಿನ ಮಟ್ಟದಿಂದ ಬೆಟ್ಟ ಸುಮಾರು 300 ಮೀಟರ್ ಎದ್ದಿದೆ. 1:50,000 ಪ್ರಮಾಣದ ಸರ್ವೆ ಆಫ್ ಇಂಡಿಯಾ ನಕ್ಷೆಯಲ್ಲಿ 20 ಮೀಟರಿಗೊಂದು ಗೆರೆ ಎಂದರೆ ಹದಿನೈದರ ಆಸುಪಾಸು ಗೆರೆಗಳು. ಮೆಟ್ಟಿಲ ದಾರಿ ಅವುಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಏರುತ್ತದೆ, ಅದಕ್ಕೇ ಏದುಸಿರು. ಬಸ್ಸಿನ ರಸ್ತೆ ಗೆರೆಗಳ ಜೊತೆಜೊತೆಗೇ ಸಾಗಿ, ಒಂದೊಂದನ್ನೇ ಓರೆಯಾಗಿ ದಾಟುತ್ತದೆ. ಕಣಿವೆ ಗುರುತಿಸಲು, ಗೆರೆಯ ಮೊನೆ ಎತ್ತರದ ಅಂಕಿಯತ್ತ ಚಾಚಿದೆಯೇ ನೋಡಿ. ಚಾಚಿದ್ದರೆ ಹಳ್ಳ ಹರಿಯುವ ಕಣಿವೆ, ತಗ್ಗಿನ ಅಂಕಿಯತ್ತ ಚಾಚಿದ್ದರೆ ಬೆಟ್ಟದ ಏಣು. ಅಂಕಿ ನೋಡದೆ ಆಕಾರವನ್ನಷ್ಟೇ ನೋಡುವವರಿಗೆ ಇವೆರಡೂ ಒಂದೇ ಥರ ಕಾಣುತ್ತವೆ. ಅಡ್ಡಛೇದ ಬರೆಯುವಾಗ ಎತ್ತರಕ್ಕೆ 1 ಸೆಂ.ಮೀ.ಗೆ 100 ಮೀಟರ್ ಇಟ್ಟರೆ, ನೆಲದ ಪ್ರಮಾಣ 1 ಸೆಂ.ಮೀ.ಗೆ 500 ಮೀಟರ್ ಆದ್ದರಿಂದ ಬೆಟ್ಟ ಐದು ಪಟ್ಟು ಕಡಿದಾಗಿ ಕಾಣುತ್ತದೆ. ಅದನ್ನು ಚಿತ್ರದ ಕೆಳಗೆ ಬರೆಯಲೇಬೇಕು.

ಪ್ರಶ್ನೆ: ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಕೋಲಿನ ನೆರಳಿನಿಂದ ಭೂಮಿಯ ಸುತ್ತಳತೆ ಕಂಡುಹಿಡಿದ ಎಂದು ಓದಿದೆವು. ನಾವೂ ಮಾಡಬಹುದೇ?
(ಮೂವರು ವಿದ್ಯಾರ್ಥಿನಿಯರು, ಶ್ರೀರಂಗಪಟ್ಟಣ)

ಉತ್ತರ: ಖಂಡಿತ ಮಾಡಬಹುದು. ನೀವು ಮೈಸೂರಿನ ಆಸುಪಾಸಿನಲ್ಲಿರುವುದು ಅನುಕೂಲವೇ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅವನು ಆರಿಸಿಕೊಂಡದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮತ್ತು ಸೈನೆ (ಈಗಿನ ಅಸ್ವಾನ್). ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ ಎಂದು ಹಿಡಿದಿದ್ದ. ನಮಗೆ ಮೈಸೂರು ಮತ್ತು ಕಲಬುರಗಿ ಇವೆ: ಎರಡೂ 76.7 ಡಿಗ್ರಿ ಪೂರ್ವ ರೇಖಾಂಶದ ಆಚೀಚೆ. ಕಲಬುರಗಿಯಲ್ಲಿ ಒಬ್ಬ ಗೆಳತಿಯನ್ನು ಹುಡುಕಿಕೊಳ್ಳಿ.

ಇಬ್ಬರೂ ಸೆಪ್ಟೆಂಬರ್ 23ರಂದು 100 ಸೆಂ.ಮೀ. ಉದ್ದದ ನೇರವಾದ ಕೋಲನ್ನು ಸಪಾಟು ನೆಲದಲ್ಲಿ ನಿಲ್ಲಿಸಿ. ಗಾರೆ ಕೆಲಸದವರ ತೂಕದ ಗುಂಡನ್ನು ಎರಡು ಕಡೆಯಿಂದ ಇಳಿಬಿಟ್ಟು ನೆಟ್ಟಗಿದೆಯೇ ನೋಡಿ, ಏಕೆಂದರೆ ಕೋಲು ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ವಾಲಿದರೂ ಸುತ್ತಳತೆಯ ಲೆಕ್ಕ ಆರು ಸಾವಿರ ಕಿ.ಮೀ.ಗಿಂತ ಹೆಚ್ಚು ತಪ್ಪುತ್ತದೆ. ಹನ್ನೆರಡು ಗಂಟೆಗೆ ಅಳೆಯಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಸುಮಾರು 5.8 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ 4 ನಿಮಿಷದಂತೆ 23 ನಿಮಿಷ ತಡ. ಸೂರ್ಯನ ಚಲನೆ ವರ್ಷವಿಡೀ ಒಂದೇ ಸಮನಾಗಿ ಕಾಣದಿರುವುದರಿಂದ ಆ ದಿನ 7 ನಿಮಿಷ ಬೇಗ, ಒಟ್ಟು 12.16ರ ಸುಮಾರಿಗೆ ನೆರಳು ಅತಿ ಗಿಡ್ಡವಾಗುತ್ತದೆ. ಮಾರ್ಚ್ 21ರಂದಾದರೆ 12.31. 12 ಗಂಟೆಯಿಂದಲೇ ಎರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಿ, ಅತಿ ಗಿಡ್ಡದ್ದನ್ನು ತೆಗೆದುಕೊಳ್ಳಿ.

ಮೈಸೂರಿನಲ್ಲಿ ಸುಮಾರು 22 ಸೆಂ.ಮೀ., ಕಲಬುರಗಿಯಲ್ಲಿ 31 ಸೆಂ.ಮೀ. ಬರಬೇಕು. ನೆರಳನ್ನು ಕೋಲಿನ ಉದ್ದದಿಂದ ಭಾಗಿಸಿ, ಟ್ಯಾನ್ ಕೋಷ್ಟಕದಲ್ಲಿ ಕೋನ ನೋಡಿ: 12.3 ಮತ್ತು 17.3 ಡಿಗ್ರಿಗಳ ಆಸುಪಾಸು. ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರುವ ವಿಷುವದ ದಿನವಾದ್ದರಿಂದ ಇವು ಆಯಾ ಊರಿನ ಅಕ್ಷಾಂಶವೂ ಹೌದು. ವ್ಯತ್ಯಾಸ 5 ಡಿಗ್ರಿ. ಎರಡು ಊರುಗಳ ನಡುವಿನ ನೇರ ದೂರ ಸುಮಾರು 558 ಕಿ.ಮೀ. ಅದನ್ನು 360ರಿಂದ ಗುಣಿಸಿ 5ರಿಂದ ಭಾಗಿಸಿದರೆ 40 ಸಾವಿರ ಕಿ.ಮೀ.ಗೆ ಹತ್ತಿರ. ಬಸ್ ಟಿಕೆಟಿನ ಕಿ.ಮೀ. ಹಾಕಿದರೆ ರಸ್ತೆಯ ತಿರುವುಗಳೆಲ್ಲ ಭೂಮಿಯ ಹೊಟ್ಟೆಗೆ ಸೇರಿಬಿಡುತ್ತವೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟೇ ಅಳೆಯಿರಿ.

ಇನ್ನೊಂದು ಮಾತು. ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆ ಎಂದು ಬರೆಯುವವರಿದ್ದಾರೆ. ನಮ್ಮಲ್ಲಿ ಏಪ್ರಿಲ್ 22ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕೋಲಿನ ಬುಡಕ್ಕೆ ಸೇರುತ್ತದೆ. ಅಲ್ಲಿಂದ ಆಗಸ್ಟ್ 20ರ ಸುಮಾರಿನವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ. ಜೂನ್ 21ರಂದು ಅದೇ ಕೋಲಿಗೆ 20 ಸೆಂ.ಮೀ.

ಪ್ರಶ್ನೆ: ಮೊದಲನೆಯ ಮಹಾಯುದ್ಧದ ಪಾಠದಲ್ಲಿ ಮೈಸೂರಿನ ಹೆಸರೇ ಇರಲಿಲ್ಲ. ಈಗಿನ ಇಸ್ರೇಲಿನ ಹೈಫಾವನ್ನು ಗೆದ್ದದ್ದು ಮೈಸೂರು ಲ್ಯಾನ್ಸರ್ಸ್ (ಕುದುರೆ ಸವಾರರ ಪಡೆ) ಒಬ್ಬರೇ ಎನ್ನುತ್ತಾರೆ, ಸರಿಯೇ?
(ವಿದ್ಯಾರ್ಥಿ, ಮಳವಳ್ಳಿ)

ಉತ್ತರ: ಒಬ್ಬರೇ ಅಲ್ಲ. 1918ರ ಸೆಪ್ಟೆಂಬರ್ 23ರಂದು, ಆಗ ಆಟೋಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಹೈಫಾದ ಮೇಲೆ ಕುದುರೆ ಓಡಿಸಿಕೊಂಡು ನುಗ್ಗಿದ ಮುಖ್ಯ ಪಡೆ ಜೋಧಪುರದ್ದು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಬಾಯಿಮುಚ್ಚಿಸಿದರು. ನಕ್ಷೆ ತೆಗೆದು ನೋಡಿದರೆ ಕಾರಣ ಕಾಣುತ್ತದೆ: ಊರಿಗೆ ಹೋಗುವ ದಾರಿಯ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ಅದರ ದಡದಲ್ಲಿ ಕುದುರೆ ಹೂತುಹೋಗುವ ಉಸುಬು. ಬೆಟ್ಟದ ಮೇಲಿನ ಫಿರಂಗಿ ಸದ್ದಡಗದೆ ಆ ಇಕ್ಕಟ್ಟಿನಲ್ಲಿ ಯಾರೂ ಮುಂದೆ ಹೋಗುವಂತಿರಲಿಲ್ಲ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳವರು. ನಿಮ್ಮ ಕಾಲರೇಖೆಯ ಎರಡನೆಯ ಪಟ್ಟಿಯಲ್ಲಿ 168ನೆಯ ಸೆಂ.ಮೀ. ದಾಟಿ ಮುಕ್ಕಾಲು ಭಾಗದಷ್ಟು ಮುಂದೆ, ನಡುವಿನ ಸಾಲಿನಲ್ಲಿ, ಹಸಿರು ಶಾಯಿಯಿಂದ ಬರೆದುಕೊಳ್ಳಿ.